ಗಂಟಲ ಕ್ಯಾನ್ಸರ್: ಆಪರೇಷನ್ ಇಲ್ಲದ ಚಿಕಿತ್ಸೆಯಲ್ಲಿ ಬರುವ ತೊಂದರೆಗಳು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಸಂಘಗಳ ಸಭೆಯಲ್ಲಿ ಸಾಲದ ಅರ್ಜಿ ಓದುವಾಗ, ಕಾರಣದ ಜಾಗದಲ್ಲಿ "ಯಜಮಾನರ ಗಂಟಲು ಚಿಕಿತ್ಸೆಗೆ" ಎಂದು ಬರೆದಿರುವುದನ್ನು ಆಗಾಗ ಕಾಣುತ್ತೇವೆ. ವಿಚಾರಿಸಿದರೆ, "ಕುಯ್ಯೋದೇನೂ ಇಲ್ವಂತೆ ಸಿಸ್ಟರ್, ಬರೀ ಕರೆಂಟ್ ಕೊಡ್ತಾರಂತೆ" ಎಂದು ಆ ಹೆಂಗಸು ಸ್ವಲ್ಪ ಸಮಾಧಾನದಿಂದಲೇ ಹೇಳುತ್ತಾಳೆ. ಆಪರೇಷನ್ ಇಲ್ಲ ಎಂದ ಮೇಲೆ ಹಗುರವಾದ ಚಿಕಿತ್ಸೆ ಎಂದು ಮನೆಯವರೆಲ್ಲ ನಂಬಿರುತ್ತಾರೆ. ಮೊದಲ ಎರಡು ವಾರ ಹಾಗೆಯೇ ಕಾಣುತ್ತದೆ. ಮೂರನೇ ವಾರ ಬಾಯಿ, ಗಂಟಲು ಹುಣ್ಣಾಗಿ ಎಂಜಲು ನುಂಗಲೂ ಆಗದಿದ್ದಾಗ "ಇದೇನೋ ತಪ್ಪಾಗಿದೆ, ರೋಗ ಜಾಸ್ತಿ ಆಗಿದೆ" ಎಂದು ಹೆದರಿ ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ಮುಂದೆ ಏನೇನು ಬರುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂದು ಮೊದಲೇ ಗೊತ್ತಿದ್ದರೆ ಇವರಲ್ಲಿ ಅನೇಕರು ಚಿಕಿತ್ಸೆ ಪೂರ್ತಿ ಮಾಡುತ್ತಿದ್ದರು ಎಂಬುದು ನನ್ನ ಅನುಭವ. ಆದ್ದರಿಂದ ಈ ಲೇಖನ.

ಕರೆಂಟ್ ಎಂದರೆ ಏನು?

ನಾವು ಕರೆಂಟ್ ಎನ್ನುವುದು ವಿದ್ಯುತ್ ಅಲ್ಲ. ಅದು ವಿಕಿರಣ, ಅಂದರೆ ಎಕ್ಸ್-ರೇ ಜಾತಿಯ, ಅದಕ್ಕಿಂತ ಬಹಳ ಶಕ್ತಿಯುಳ್ಳ ಕಿರಣ. ಯಂತ್ರದಿಂದ ಬರುವ ಈ ಕಿರಣವನ್ನು ಗಡ್ಡೆ ಇರುವ ಜಾಗಕ್ಕೆ ಗುರಿಯಿಟ್ಟು ಬಿಡುತ್ತಾರೆ. ಗಂಟಲಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೂವರೆಯಿಂದ ಏಳು ವಾರ, ಒಟ್ಟು 33ರಿಂದ 35 ಸಲ ಕೊಡುತ್ತಾರೆ. ಪ್ರತಿ ಸಲ ಕೆಲವು ನಿಮಿಷದ ಕೆಲಸ, ಆ ಹೊತ್ತಿಗೆ ನೋವಿಲ್ಲ. ತಲೆ ಅಲುಗಾಡದಂತೆ ಮುಖದ ಅಚ್ಚಿಗೆ ಸರಿಯಾದ ಬಲೆಯಂಥ ಮುಖವಾಡ ಹಾಕಿ ಮಲಗಿಸುತ್ತಾರೆ. ಇದಕ್ಕೆ ಉಸಿರು ಕಟ್ಟಿದಂತಾಗಿ ಹೆದರುವವರಿದ್ದಾರೆ. ಬಲೆಯ ತೂತುಗಳಿಂದ ಉಸಿರಾಡಬಹುದು, ಕೈ ಎತ್ತಿದರೆ ಹೊರಗಿನಿಂದ ನೋಡುತ್ತಿರುವವರು ಯಂತ್ರ ನಿಲ್ಲಿಸುತ್ತಾರೆ ಎಂದು ಮೊದಲೇ ಹೇಳಿ ಕಳಿಸಿ. ಕರೆಂಟ್ ಕೊಡಿಸಿಕೊಂಡು ಬಂದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಪಕ್ಕದಲ್ಲಿ ಮಲಗಬಹುದು. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಗಡ್ಡೆ ಸ್ವಲ್ಪ ದೊಡ್ಡದಿದ್ದರೆ ಕರೆಂಟ್ ಜೊತೆಗೆ ಕೀಮೊ ಔಷಧಿಯನ್ನೂ ಡ್ರಿಪ್ ಮೂಲಕ ವಾರಕ್ಕೊಮ್ಮೆ ಅಥವಾ ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಔಷಧಿಯ ಹೆಸರು ಸಿಸ್ಪ್ಲಾಟಿನ್. ಇದು ಕರೆಂಟಿನ ಬಲವನ್ನು ಹೆಚ್ಚಿಸುತ್ತದೆ. ಅಡ್ಡ ಪರಿಣಾಮವನ್ನೂ ಹೆಚ್ಚಿಸುತ್ತದೆ.

ಇಷ್ಟೆಲ್ಲ ಕಷ್ಟವಿದ್ದರೆ ಕುಯ್ದು ತೆಗೆದುಬಿಡಬಾರದೇ ಎಂದು ನೀವು ಕೇಳಬಹುದು. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮುಂದುವರಿದಿದ್ದರೆ ಆಪರೇಷನ್ ಎಂದರೆ ಬಹುಪಾಲು ಪೂರ್ತಿ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು. ಆಮೇಲೆ ಮನುಷ್ಯ ಕತ್ತಿನ ಮುಂಭಾಗದ ತೂತಿನಿಂದ ಉಸಿರಾಡಬೇಕು, ಸಹಜ ಮಾತು ಹೋಗುತ್ತದೆ. 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 332 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅರ್ಧ ಜನಕ್ಕೆ ಆಪರೇಷನ್ ಮತ್ತು ಕರೆಂಟ್, ಉಳಿದವರಿಗೆ ಮೊದಲು ಕೀಮೊ, ಆಮೇಲೆ ಕರೆಂಟ್. ಎರಡು ವರ್ಷದ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ 68 ಮಂದಿ ಬದುಕಿದ್ದರು. ಆದರೆ ಎರಡನೇ ಗುಂಪಿನಲ್ಲಿ ನೂರಕ್ಕೆ 64 ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು. 2003ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಕೀಮೊ ಮತ್ತು ಕರೆಂಟನ್ನು ಒಟ್ಟಿಗೇ ಕೊಟ್ಟಾಗ, ಎರಡು ವರ್ಷದ ಹೊತ್ತಿಗೆ ನೂರಕ್ಕೆ 88 ಮಂದಿಯ ಧ್ವನಿಪೆಟ್ಟಿಗೆ ಉಳಿಯಿತು. ಆವತ್ತಿನಿಂದ ನಮ್ಮ ದೇಶದಲ್ಲೂ ಈ ದಾರಿ ರೂಢಿಯಾಗಿದೆ. ಎಲ್ಲರಿಗೂ ಇದೇ ಸರಿ ಎಂದಲ್ಲ. ಗಡ್ಡೆ ಮೃದ್ವಸ್ಥಿಯನ್ನು, ಅಂದರೆ ಗಂಟಲ ಗಟ್ಟಿ ಗೋಡೆಯನ್ನು ಒಡೆದು ಹೊರಬಂದಿದ್ದರೆ ಆಪರೇಷನ್ನೇ ಒಳ್ಳೆಯದು ಎಂದು ವೈದ್ಯರು ಹೇಳಬಹುದು. ಹಾಗೆ ಹೇಳಿದರೆ ಬೇರೆ ಆಸ್ಪತ್ರೆ ಹುಡುಕಿ ತಿಂಗಳು ಕಳೆಯಬೇಡಿ.

ಮೂರನೇ ವಾರದ ಪರೀಕ್ಷೆ

ಕಿರಣಕ್ಕೆ ಕ್ಯಾನ್ಸರ್ ಜೀವಕಣ ಯಾವುದು, ನಮ್ಮ ಒಳ್ಳೆಯ ಜೀವಕಣ ಯಾವುದು ಎಂದು ಪೂರ್ತಿ ಬೇರೆ ಮಾಡಲು ಬರುವುದಿಲ್ಲ. ಬಾಯಿ, ಗಂಟಲಿನ ಒಳಪೊರೆಯ ಜೀವಕಣಗಳು ಬೇಗ ಬೇಗ ಹುಟ್ಟಿ ಸಾಯುವಂಥವು. ಆದ್ದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಎರಡನೇ, ಮೂರನೇ ವಾರದಲ್ಲಿ ಒಳಗೆಲ್ಲ ಕೆಂಪಾಗಿ, ಬಿಳಿ ಪೊರೆ ಕಟ್ಟಿ, ಹುಣ್ಣಾಗುತ್ತದೆ. ಜೊಲ್ಲು ಕಡಿಮೆಯಾಗಿ, ಇದ್ದದ್ದು ಅಂಟಂಟಾಗುತ್ತದೆ. ನಾಲಿಗೆಗೆ ರುಚಿ ಗೊತ್ತಾಗುವುದಿಲ್ಲ. "ಅನ್ನ ಬೂದಿ ತಿಂದಂಗೆ ಆಗುತ್ತೆ" ಎಂದು ಒಬ್ಬರು ನನಗೆ ಹೇಳಿದರು. ಧ್ವನಿ ಇನ್ನೂ ಗೊಗ್ಗರಾಗುತ್ತದೆ. ಕತ್ತಿನ ಚರ್ಮ ಕಪ್ಪಾಗಿ, ಕೆಲವರಿಗೆ ಸುಲಿಯುತ್ತದೆ.

ಇದು ಚಿಕಿತ್ಸೆ ಕೆಟ್ಟಿದೆ ಎಂಬುದರ ಗುರುತಲ್ಲ. ಎಲ್ಲರಿಗೂ ಹೆಚ್ಚುಕಡಿಮೆ ಬರುವುದೇ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ: ಕೊನೆಯ ಕರೆಂಟ್ ಮುಗಿದ ಮೇಲೂ ಒಂದೆರಡು ವಾರ ನೋವು ಏರುತ್ತಲೇ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಒಳಗಿನ ಹುಣ್ಣು ಮಾಯಲು ಸುಮಾರು ಒಂದರಿಂದ ಎರಡು ತಿಂಗಳು ಬೇಕು. ರುಚಿ ಮರಳಲು ಅದಕ್ಕೂ ಹೆಚ್ಚು.

ಮಾಗಡಿ ಕಡೆಯ ಒಂದು ಮನೆಯಲ್ಲಿ ಹೀಗಾಯಿತು. ಗಾರೆ ಕೆಲಸದ ಅಣ್ಣ, ಐವತ್ತು ದಾಟಿದವರು, ಇಪ್ಪತ್ತು ಸಲ ಕರೆಂಟ್ ಮುಗಿಸಿದ್ದರು. ಮುದ್ದೆ ಇಳಿಯುತ್ತಿಲ್ಲ, ನೀರು ಇಳಿಯುತ್ತಿಲ್ಲ. ಬಂಧುಗಳು ಸೇರಿ "ಈ ಸುಡೋದು ಸಾಕು, ಸ್ವಲ್ಪ ಚೇತರಿಸ್ಕೊಳ್ಳಲಿ, ಹಬ್ಬ ಆದ್ಮೇಲೆ ನೋಡೋಣ" ಎಂದರು. ಮೂರು ವಾರ ಹೋಗಲಿಲ್ಲ. ಗಂಟಲು ನಿಜಕ್ಕೂ ಸುಧಾರಿಸಿತು, ಊಟ ಇಳಿಯಿತು, ಎಲ್ಲರಿಗೂ ಸಂತೋಷ. ನಾಲ್ಕು ತಿಂಗಳಿಗೆ ಗಡ್ಡೆ ಮತ್ತೆ ಬಂತು. ಒಮ್ಮೆ ಕರೆಂಟ್ ಬಿದ್ದ ಜಾಗಕ್ಕೆ ಅದೇ ಪ್ರಮಾಣದಲ್ಲಿ ಮತ್ತೆ ಕೊಡುವುದು ಸುಲಭವಲ್ಲ. ಉಳಿದಿದ್ದು ಆಪರೇಷನ್ ಒಂದೇ. ಕರೆಂಟ್ ಬಿದ್ದ ಮಾಂಸಕ್ಕೆ ಗಾಯ ಮಾಯುವ ಶಕ್ತಿ ಕಡಿಮೆ ಇರುತ್ತದಲ್ಲ, ಹೊಲಿಗೆ ಹಾಕಿದ ಜಾಗದಿಂದ ಜೊಲ್ಲು ಸೋರಿ ಅವರು ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು.

ನಡುವೆ ಯಾಕೆ ನಿಲ್ಲಿಸಬಾರದು ಎಂದರೆ, ಬಿಡುವು ಸಿಕ್ಕಾಗ ನಮ್ಮ ಒಳ್ಳೆಯ ಜೀವಕಣ ಚೇತರಿಸಿಕೊಳ್ಳುವಂತೆ ಅಳಿದುಳಿದ ಕ್ಯಾನ್ಸರ್ ಕಣಗಳೂ ಚೇತರಿಸಿಕೊಂಡು ಮೊದಲಿಗಿಂತ ವೇಗವಾಗಿ ಬೆಳೆಯುತ್ತವೆ. ಒಟ್ಟು ಚಿಕಿತ್ಸೆ ಒಂದು ದಿನ ಉದ್ದವಾದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಒಂದರಷ್ಟು ಇಳಿಯುತ್ತದೆ ಎಂದು ತಜ್ಞರ ಲೆಕ್ಕ. ಕಳೆ ಕೀಳುವಾಗ ಅರ್ಧ ಹೊಲ ಕಿತ್ತು ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ, ಬಂದ್, ಮದುವೆ ಯಾವುದೇ ಕಾರಣಕ್ಕೆ ಒಂದು ದಿನ ತಪ್ಪಿದರೆ ಮಾರನೇ ದಿನವೇ ಹೋಗಿ ಹೇಳಿ. ಅದನ್ನು ಸರಿದೂಗಿಸಲು ವೈದ್ಯರಿಗೆ ದಾರಿಗಳಿವೆ.

ಮುದ್ದೆ ನುಂಗುವವರ ಕಷ್ಟ

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಗಂಟಲು ಚೆನ್ನಾಗಿದ್ದರೆ ಅದರಷ್ಟು ಸಲೀಸು ಬೇರಿಲ್ಲ. ಕರೆಂಟಿನ ಹೊತ್ತಿಗೆ ಅದೇ ಮುದ್ದೆ ಕಲ್ಲಾಗುತ್ತದೆ. ಉಪ್ಸಾರಿನ ಖಾರ ಬೆಂಕಿಯಾಗುತ್ತದೆ. ಐವತ್ತು ವರ್ಷ ಮುದ್ದೆ ಉಂಡವರಿಗೆ ಮುದ್ದೆ ಬಿಡಿಸಿದರೆ ಊಟವೇ ಮಾಡಿದಂತಾಗುವುದಿಲ್ಲ. ಸಿಟ್ಟು ಮಾಡುತ್ತಾರೆ, ತಟ್ಟೆ ತಳ್ಳುತ್ತಾರೆ. ಆ ಸಿಟ್ಟು ನಿಮ್ಮ ಮೇಲಲ್ಲ ಎಂದು ತಿಳಿಯಿರಿ.

ಮುದ್ದೆ ಬಿಟ್ಟರೂ ರಾಗಿ ಬಿಡಬೇಕಾಗಿಲ್ಲ. ರಾಗಿ ಹಿಟ್ಟನ್ನು ತೆಳ್ಳಗೆ ಬೇಯಿಸಿ ಹಾಲು, ಬೆಲ್ಲ, ನುಣ್ಣಗೆ ಪುಡಿ ಮಾಡಿದ ಕಡಲೆಕಾಯಿ ಬೀಜ ಸೇರಿಸಿ, ಸೋಸಿ ಕೊಡಿ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲ ಬಿಡಿ. ಹೆಸರುಬೇಳೆ ಕಟ್ಟು, ಮೆತ್ತಗೆ ಬೇಯಿಸಿದ ಮೊಟ್ಟೆ, ತುಪ್ಪ ಹಾಕಿ ಕಿವುಚಿದ ಅನ್ನ, ಹಣ್ಣಾದ ಬಾಳೆಹಣ್ಣು. ಬಿಸಿಯೂ ಬೇಡ, ತೀರಾ ತಣ್ಣಗೂ ಬೇಡ. ಹುಳಿ ಮಜ್ಜಿಗೆ, ಹುಣಸೆ, ನಿಂಬೆ, ಖಾರ ಸದ್ಯಕ್ಕೆ ಬೇಡ. ನಮ್ಮಲ್ಲಿ ಕಾಯಿಲೆ ಎಂದರೆ ಪಥ್ಯ ಮಾಡಿಸುವ ಅಭ್ಯಾಸ. ಮೊಟ್ಟೆ ನಂಜು, ಕಡಲೆಕಾಯಿ ಪಿತ್ತ ಎನ್ನುತ್ತೇವೆ. ಬರೀ ನೀರುಗಂಜಿಯಲ್ಲಿ ಇಟ್ಟರೆ ಈ ರೋಗಿ ತಿಂಗಳಲ್ಲಿ ಸೊರಗಿಹೋಗುತ್ತಾರೆ. ತೂಕ ತೀರಾ ಇಳಿದರೆ ಮುಖವಾಡ ಸಡಿಲವಾಗಿ ಕಿರಣದ ಗುರಿಯೇ ತಪ್ಪುತ್ತದೆ, ಮತ್ತೆ ಅಚ್ಚು ತೆಗೆಯಬೇಕಾಗುತ್ತದೆ. ದಿನಕ್ಕೆ ಆರೆಂಟು ಸಲ ಸ್ವಲ್ಪ ಸ್ವಲ್ಪ ಕೊಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಪುಸ್ತಕದಲ್ಲಿ ಬರೆದಿಡಿ. ವಾರಕ್ಕೆ ಎರಡು ಕೆಜಿ ಇಳಿದರೆ ವೈದ್ಯರಿಗೆ ಆ ಪುಸ್ತಕ ತೋರಿಸಿ.

ಬಾಯಿ ತೊಳೆಯುವ ನೀರು ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ. ದಿನಕ್ಕೆ ಆರೆಂಟು ಸಲ, ಊಟದ ಮುಂಚೆ ಆಮೇಲೆ ಮುಕ್ಕಳಿಸಿ ಉಗುಳಬೇಕು. ದಿನಾ ಹೊಸದು ಮಾಡಿ. ಬಾಯಲ್ಲಿ ಮೊಸರಿನಂಥ ಬಿಳಿ ಕಲೆ ಕಂಡರೆ ಅದು ಬೂಷ್ಟಿನ ಸೋಂಕು ಇರಬಹುದು, ಬೇರೆ ಔಷಧಿ ಬೇಕು. ಕತ್ತಿಗೆ ಅರಿಶಿನ, ವಿಭೂತಿ, ಪೌಡರ್, ಎಣ್ಣೆ ಏನೂ ಹಚ್ಚಬೇಡಿ. ಬ್ಲೇಡಿನಲ್ಲಿ ಗಡ್ಡ ಕೆರೆಯಬಾರದು. ಸರ, ದಾರ ಏನಿದ್ದರೂ ತೆಗೆದಿಟ್ಟು, ಹಳೆಯ ಹತ್ತಿ ಬಟ್ಟೆ ಹಾಕಿಕೊಳ್ಳಲಿ. ನೋವಿಗೆ ವೈದ್ಯರು ಬಲವಾದ ಮಾತ್ರೆ ಬರೆದರೆ "ಚಟ ಆಗಿಬಿಡುತ್ತೆ" ಎಂದು ಬಚ್ಚಿಡಬೇಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟರೆ ನಾಲ್ಕು ತುತ್ತು ಹೆಚ್ಚಿಗೆ ಇಳಿಯುತ್ತದೆ.

ಇಷ್ಟಾದರೂ ಆಗದಿದ್ದಾಗ ಮೂಗಿನಿಂದ ಹೊಟ್ಟೆಗೆ ಸಣ್ಣ ಪೈಪ್ ಹಾಕುತ್ತಾರೆ. ಇದನ್ನು ಕಂಡು ಊರವರು "ಪೈಪ್ ಹಾಕಿದ್ರು ಅಂದ್ರೆ ಮುಗೀತು" ಎನ್ನುತ್ತಾರೆ. ನಾನು ಕಂಡ ಹಾಗೆ, ಬೇಗ ಪೈಪ್ ಹಾಕಿಸಿಕೊಂಡವರೇ ಚಿಕಿತ್ಸೆ ಪೂರ್ತಿ ಮಾಡಿ ಬಂದಿದ್ದಾರೆ. ಅದು ಕೆಲವು ವಾರದ ಮಟ್ಟಿಗೆ. ಆಹಾರವನ್ನು ಸೋಸಿ, ಉಗುರುಬೆಚ್ಚಗೆ, ಕೂರಿಸಿಕೊಂಡು ನಿಧಾನವಾಗಿ ಬಿಡಬೇಕು. ಪ್ರತಿ ಸಲ ಮುಗಿದ ಮೇಲೆ ಸ್ವಲ್ಪ ನೀರು ಬಿಟ್ಟು ಪೈಪ್ ತೊಳೆಯಬೇಕು. ಅರ್ಧ ಗಂಟೆ ಮಲಗಿಸಬಾರದು. ಮೂಗಿನ ಹತ್ತಿರ ಪೈಪಿಗೆ ಗುರುತು ಹಾಕಿಡಿ. ಅದು ಹೊರಗೆ ಜಾರಿದ್ದರೆ ನೀವೇ ಒಳಗೆ ತಳ್ಳಬೇಡಿ, ಏನನ್ನೂ ಬಿಡಬೇಡಿ. ತುದಿ ಶ್ವಾಸನಾಳದಲ್ಲಿದ್ದರೆ ಅಪಾಯ.

ಪೈಪ್ ಇದ್ದರೂ ವೈದ್ಯರು ಬೇಡ ಎನ್ನದಿದ್ದರೆ ಗುಟುಕು ಗುಟುಕಾಗಿ ನುಂಗುವ ಅಭ್ಯಾಸ ಬಿಡಬಾರದು. ನುಂಗುವ ಸ್ನಾಯುಗಳು ಎರಡು ತಿಂಗಳು ಸುಮ್ಮನಿದ್ದರೆ ಮರೆತುಬಿಡುತ್ತವೆ. ಆಮೇಲೆ ಹುಣ್ಣು ಮಾದರೂ ಊಟ ಇಳಿಯುವುದಿಲ್ಲ. ಇದಕ್ಕೆ ವ್ಯಾಯಾಮ ಹೇಳಿಕೊಡುವವರಿದ್ದಾರೆ, ಅವರನ್ನು ಸ್ಪೀಚ್ ಥೆರಪಿಸ್ಟ್ ಎನ್ನುತ್ತಾರೆ. ಮಾತಿಗೆ ಮಾತ್ರ ಎಂದುಕೊಳ್ಳಬೇಡಿ, ನುಂಗುವುದೂ ಅವರ ಕೆಲಸವೇ. ಕರೆಂಟ್ ಶುರುವಾಗುವ ಮೊದಲೇ ಕೇಳಿ ಕಲಿತರೆ ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚನ್ನಪಟ್ಟಣ, ರಾಮನಗರದವರಿಗೆ ರೈಲಿನಲ್ಲಿ ಹೋಗಿಬರುವಷ್ಟೇ ದೂರ.

ಕೀಮೊ ಔಷಧಿಯ ಕಡೆಯಿಂದ

ಸಿಸ್ಪ್ಲಾಟಿನ್ ಔಷಧಿಗೆ ವಾಂತಿ ಬರುತ್ತದೆ, ಅದಕ್ಕೆ ಮಾತ್ರೆ ಕೊಡುತ್ತಾರೆ. ಹೆಚ್ಚು ಗಮನ ಕೊಡಬೇಕಾದದ್ದು ಮೂತ್ರಪಿಂಡದ ಕಡೆಗೆ. ಡ್ರಿಪ್ಪಿನ ಜೊತೆ ಅಷ್ಟೊಂದು ನೀರು ಹರಿಸುವುದು ಅದನ್ನು ಕಾಪಾಡಲಿಕ್ಕೇ. ಮನೆಗೆ ಬಂದ ಮೇಲೆ ನೀರು ನಿಲ್ಲದಷ್ಟು ವಾಂತಿ ಆದರೆ, ಮೂತ್ರ ಕಡಿಮೆಯಾದರೆ ಮಾರನೇ ದಿನದವರೆಗೆ ಕಾಯಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಮೈಕೈ ನೋವಿನ ಮಾತ್ರೆಗಳು ಇಂಥ ಹೊತ್ತಿನಲ್ಲಿ ಮೂತ್ರಪಿಂಡ ಕೆಡಿಸುತ್ತವೆ. ನಾಟಿ ಔಷಧಿಯೂ ಅಷ್ಟೇ, ಅದರಲ್ಲಿ ಏನಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ.

ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಿವಿ ಮಂದವಾಗುವುದು, ಕೈಕಾಲು ಜೋಮು ಹಿಡಿಯುವುದು ಕಂಡರೆ ಮುಂದಿನ ಡ್ರಿಪ್ಪಿಗೆ ಮೊದಲೇ ಹೇಳಬೇಕು. ಹೋದ ಕಿವಿ ಸಾಮಾನ್ಯವಾಗಿ ಮರಳುವುದಿಲ್ಲ, ಆದರೆ ಹೇಳಿದರೆ ಔಷಧಿ ಬದಲಿಸಬಹುದು. ಗಂಡಸರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟಿ.ವಿ. ಸದ್ದು ಜೋರು ಮಾಡಿದ್ದನ್ನು ಗಮನಿಸಿದ ಹೆಂಡತಿಯೇ ಹೇಳಬೇಕಾಗುತ್ತದೆ.

ಕೀಮೊ ಕೊಟ್ಟ ಮೇಲೆ ರಕ್ತದ ಬಿಳಿ ಕಣಗಳು ಕಡಿಮೆಯಾಗುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಅದು ಮಾಮೂಲಿ ಜ್ವರವಲ್ಲ. ಮಾತ್ರೆ ನುಂಗಿಸಿ ಮಲಗಿಸದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಥರ್ಮಾಮೀಟರ್ ಒಂದು ಇರಲಿ.

ತಕ್ಷಣ ಹೊರಡಬೇಕಾದ ಇನ್ನೊಂದು ಸಂದರ್ಭ: ಉಸಿರು ಎಳೆದುಕೊಳ್ಳುವಾಗ ಗಂಟಲಿಂದ ಸೀಟಿಯಂಥ ಸದ್ದು, ಮಲಗಲಾರದೆ ಎದ್ದು ಕೂರುವುದು. ಕರೆಂಟಿನಿಂದ ಧ್ವನಿಪೆಟ್ಟಿಗೆ ಊದಿಕೊಂಡು ದಾರಿ ಮುಚ್ಚುತ್ತಿದೆ ಎಂದು ಅರ್ಥ. 108ಕ್ಕೆ ಫೋನ್ ಮಾಡಿ. ಕತ್ತಿನಲ್ಲಿ ತೂತು ಮಾಡಿ ನಳಿಕೆ ಇಡಬೇಕಾಗಬಹುದು. ಜೀವ ಉಳಿಸಲು ಮಾಡುವ ಸಣ್ಣ ಆಪರೇಷನ್ ಅದು. ಊತ ಇಳಿದ ಮೇಲೆ ಎಷ್ಟೋ ಜನರಿಗೆ ತೆಗೆಯುತ್ತಾರೆ. ಬಾಯಿಂದ ಕೆಂಪು ರಕ್ತ ಬಂದರೂ ಹೀಗೆಯೇ, ಕಾಯಬಾರದು.

ಏಳು ವಾರ, 3,500 ಕಿಲೋಮೀಟರ್

ನಮ್ಮ ನಾಲ್ಕೂ ಊರುಗಳಿಂದ ಬೆಂಗಳೂರಿಗೆ ಸುಮಾರು ಐವತ್ತು, ಅರವತ್ತು ಕಿಲೋಮೀಟರ್. ದಿನಾ ಹೋಗಿ ಬಂದರೆ 35 ದಿನಕ್ಕೆ 3,500 ಕಿಲೋಮೀಟರ್ ಮೀರುತ್ತದೆ. ಗಂಟಲು ಹುಣ್ಣಾಗಿರುವ ಮನುಷ್ಯ ಬಸ್ಸಿನಲ್ಲಿ ಕೂತು! ಚಿಕಿತ್ಸೆ ನಡುವೆ ಬಿಡುವವರಲ್ಲಿ ಎಷ್ಟೋ ಜನ ನೋವಿಗಿಂತ ಈ ಓಡಾಟಕ್ಕೆ, ಕೂಲಿ ತಪ್ಪುವುದಕ್ಕೆ ಸೋಲುತ್ತಾರೆ.

ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ನಾವು ಬರೀ ಕಿದ್ವಾಯಿ ಎನ್ನುತ್ತೇವಲ್ಲ, 1973ರಲ್ಲಿ ಶುರುವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಆಸ್ಪತ್ರೆ. ಅಲ್ಲಿ ಧರ್ಮಶಾಲೆ ಇದೆ. ಮೊದಲ ದಿನವೇ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕಂಡು ವಿಚಾರಿಸಿ. ಕನಿಷ್ಠ ಮೂರನೇ ವಾರದಿಂದ ಕೊನೆಯವರೆಗೆ ಬೆಂಗಳೂರಿನಲ್ಲೇ ಉಳಿಯುವ ಏರ್ಪಾಡು ಮಾಡಿಕೊಂಡರೆ ಅರ್ಧ ಕಷ್ಟ ಕಳೆಯಿತು. 2018ರಿಂದ ಇರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕರೆಂಟ್ ಮತ್ತು ಕೀಮೊ ಅದರಲ್ಲಿ ಸೇರಿವೆ. ರೇಷನ್ ಕಾರ್ಡು, ಆಧಾರ್ ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಬರೆಸಿಕೊಳ್ಳಬೇಕು. ಕನಕಪುರ, ಮಾಗಡಿಗೆ ರೈಲಿಲ್ಲ. ಆದರೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಜೊತೆಗೆ ಹೋಗುವ ನಿಮ್ಮ ಖರ್ಚು ಉಳಿಯುತ್ತದೆ.

ಸಂಘದವರಿಗೆ ಒಂದು ಮಾತು. ಇಂಥ ಸದಸ್ಯೆಗೆ ಸಾಲ ಕೊಡುವಾಗ ಒಂದೇ ಗಂಟಾಗಿ ಕೊಟ್ಟು ಮುಂದಿನ ವಾರದಿಂದಲೇ ಕಂತು ಕೇಳಿದರೆ ಆಕೆ ಕಂತು ಕಟ್ಟಲು ರೇಷ್ಮೆ ಗೂಡು ಬಿಡಿಸುವ ಕೂಲಿಗೆ ಹೋಗುತ್ತಾಳೆ, ಗಂಡ ಒಬ್ಬನೇ ಬಸ್ ಹತ್ತುತ್ತಾನೆ. ವಾರವಾರ ಕೊಟ್ಟು, ಕಂತನ್ನು ಮೂರು ತಿಂಗಳು ಮುಂದೆ ಹಾಕುವ ತೀರ್ಮಾನವನ್ನು ಸಭೆಯಲ್ಲಿ ಬರೆದುಕೊಳ್ಳಬಹುದು. ಹಸು ಇದ್ದರೆ ಹಾಲು ಕರೆದು ಡೈರಿಗೆ ಹಾಕಲು ಇಬ್ಬರು ಸರದಿ ಮಾಡಿಕೊಳ್ಳಬಹುದು. ಕನಕಪುರದ ಹತ್ತಿರದ ಒಂದು ಸಂಘ ಹೀಗೆ ಏಳು ವಾರ ಒಂದು ಮನೆಯ ಎರಡು ಹಸು ನೋಡಿಕೊಂಡಿತು. ಆ ಮನೆಯ ಯಜಮಾನರು ಒಂದು ದಿನವೂ ಕರೆಂಟ್ ತಪ್ಪಿಸಲಿಲ್ಲ.

ಮುಗಿದ ಮೇಲೆ ಬರುವ ತೊಂದರೆಗಳು

ಕೊನೆಯ ದಿನ ಮುಖವಾಡವನ್ನು ಕೈಗೆ ಕೊಟ್ಟು ಕಳಿಸಿದಾಗ ಎಲ್ಲ ಮುಗಿಯಿತು ಎನಿಸುತ್ತದೆ. ಕೆಲವು ತೊಂದರೆಗಳು ತಿಂಗಳುಗಳು, ವರ್ಷಗಳು ಬಿಟ್ಟು ಬರುತ್ತವೆ. ಅಷ್ಟು ಹೊತ್ತಿಗೆ ಇದಕ್ಕೂ ಆ ಕರೆಂಟಿಗೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಮೊದಲು ಹಲ್ಲು. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ದವಡೆ ಮೂಳೆಗೂ ಕಿರಣ ಬಿದ್ದಿದ್ದರೆ ಅಲ್ಲಿ ರಕ್ತ ಓಡಾಟ ಕಡಿಮೆ. ಆ ಜಾಗದ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆಯೇ ಸತ್ತು ಹೊರಬರಬಹುದು. ಐದು, ಹತ್ತು ವರ್ಷ ಕಳೆದರೂ ಈ ಅಪಾಯ ಹೋಗುವುದಿಲ್ಲ. ಆದ್ದರಿಂದ ಕೆಟ್ಟ ಹಲ್ಲಿದ್ದರೆ ಕರೆಂಟ್ ಶುರುವಾಗುವ ಎರಡು ಮೂರು ವಾರ ಮೊದಲೇ ತೆಗೆಸಿ ಗಾಯ ಮಾಯಿಸಿಕೊಳ್ಳಬೇಕು. ಆಮೇಲೆ ಊರಿಗೆ ಉಚಿತ ದಂತ ಶಿಬಿರ ಬಂತೆಂದು ಸಾಲಿನಲ್ಲಿ ನಿಂತು ಕೀಳಿಸಿಕೊಳ್ಳಬಾರದು. ಶಿಬಿರ ಏರ್ಪಡಿಸುವ ನಾವೂ ಈ ಪ್ರಶ್ನೆಯನ್ನು ಹೆಸರು ಬರೆಯುವಾಗಲೇ ಕೇಳಬೇಕು.

ಬಾಯಿ ತೆರೆಯುವುದು ಕಡಿಮೆಯಾಗುವುದು ಇನ್ನೊಂದು. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ಹೋಗುತ್ತದೆಯೇ ಎಂದು ಆಗಾಗ ನೋಡಿಕೊಳ್ಳಲಿ. ಹೋಗದಿದ್ದರೆ ವ್ಯಾಯಾಮ ಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯಲ್ಲಿಟ್ಟು ದಿನ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚಿಸುವುದನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ಕತ್ತು ಹಲಗೆಯಂತೆ ಬಿಗಿಯುವುದಕ್ಕೂ ದಿನಾ ತಿರುಗಿಸುವ ವ್ಯಾಯಾಮ ಇದೆ.

ನುಂಗುವಾಗ ಆಹಾರ ಶ್ವಾಸಕೋಶಕ್ಕೆ ಜಾರುವುದು ನಿಜಕ್ಕೂ ಜೀವ ತೆಗೆಯುವ ತೊಂದರೆ. ಗಟ್ಟಿ ಆಹಾರ ಕಷ್ಟ, ನೀರು ಸುಲಭ ಎಂದು ನಾವು ಅಂದುಕೊಂಡಿರುತ್ತೇವೆ. ಗಂಟಲ ಬಾಗಿಲು ನಿಧಾನವಾಗಿದ್ದಾಗ ಎಲ್ಲಕ್ಕಿಂತ ಬೇಗ ಅಡ್ಡದಾರಿ ಹಿಡಿಯುವುದು ತೆಳ್ಳಗಿನ ನೀರೇ. ಇಂಥವರಿಗೆ ಗಂಜಿಯಷ್ಟು ಮಂದವಾದದ್ದು ಸಲೀಸು. ನೆಟ್ಟಗೆ ಕೂತು, ಗದ್ದ ಎದೆ ಕಡೆ ಬಗ್ಗಿಸಿ, ಸಣ್ಣ ಗುಟುಕು. ಊಟದ ಹೊತ್ತು ಮಾತಾಡಿಸಬೇಡಿ. ಊಟದಲ್ಲಿ ಕೆಮ್ಮು, ತಿಂದ ಮೇಲೆ ಗೊರಗೊರ ಧ್ವನಿ, ಮತ್ತೆ ಮತ್ತೆ ಜ್ವರ ಕಫ ಬಂದರೆ ನೆಗಡಿ ಎಂದು ಬಿಡಬೇಡಿ. ಕೆಲವರಿಗೆ ಆಹಾರ ಜಾರಿದರೂ ಕೆಮ್ಮು ಬರುವುದಿಲ್ಲ, ಆ ಅರಿವೇ ಸತ್ತಿರುತ್ತದೆ. ಅಂಥವರಿಗೆ ಜ್ವರವೇ ಗುರುತು. ಅನ್ನನಾಳ ಸಣ್ಣಗಾಗಿ ಗಟ್ಟಿ ಪದಾರ್ಥ ಸಿಕ್ಕಿಹಾಕಿಕೊಂಡರೆ ಅದನ್ನು ಹಿಗ್ಗಿಸುವ ಚಿಕಿತ್ಸೆ ಇದೆ.

ಇನ್ನು ಥೈರಾಯ್ಡ್. ಆ ಗ್ರಂಥಿ ಧ್ವನಿಪೆಟ್ಟಿಗೆಯ ಕೆಳಗೇ ಇರುವುದರಿಂದ ಕಿರಣ ಅದಕ್ಕೂ ತಗಲುತ್ತದೆ. ಕತ್ತಿಗೆ ಕರೆಂಟ್ ಪಡೆದ ಐದು ಜನರಲ್ಲಿ ಒಬ್ಬರಿಗಾದರೂ, ಕೆಲವು ಕಡೆ ಇಬ್ಬರಿಗೂ, ಮುಂದಿನ ವರ್ಷಗಳಲ್ಲಿ ಥೈರಾಯ್ಡ್ ಕಡಿಮೆಯಾಗುತ್ತದೆ. ಸುಸ್ತು, ಚಳಿ, ಮಲಬದ್ಧತೆ, ಮಂಕು, ಯಾವುದರಲ್ಲೂ ಮನಸ್ಸಿಲ್ಲ. ಮನೆಯವರು "ಕಾಯಿಲೆ ಹೋದ್ರೂ ಕೊರಗು ಹೋಗ್ಲಿಲ್ಲ" ಎನ್ನುತ್ತಾರೆ, ಇಲ್ಲವೇ ಸೋಮಾರಿ ಎನ್ನುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಂದು ಟಿ.ಎಸ್.ಎಚ್. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಆ ಸಣ್ಣ ಮಾತ್ರೆಯನ್ನು ನಮ್ಮ ಸಂಘಗಳಲ್ಲೇ ಎಷ್ಟೋ ಜನ ನುಂಗುತ್ತಿದ್ದೀರಿ, ವಿವರಿಸಬೇಕಾಗಿಲ್ಲ.

ಕತ್ತಿನ ರಕ್ತನಾಳ ವರ್ಷಗಳ ನಂತರ ಕಿರಿದಾಗಿ ಪಾರ್ಶ್ವವಾಯು ಆಗುವ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಬಿ.ಪಿ., ಸಕ್ಕರೆ ಹತೋಟಿಯಲ್ಲಿರಲಿ.

ಬೀಡಿ, ಹೊಗೆಸೊಪ್ಪು, ಗುಟ್ಕಾ, ಹೆಂಡ ಇವುಗಳನ್ನು ಚಿಕಿತ್ಸೆಯ ನಡುವೆ ಮುಂದುವರಿಸಿದವರಿಗೆ ಹುಣ್ಣು ಹೆಚ್ಚು, ಕರೆಂಟ್ ಹಿಡಿಯುವುದು ಕಡಿಮೆ, ಇನ್ನೊಂದು ಹೊಸ ಕ್ಯಾನ್ಸರ್ ಬರುವ ಅಪಾಯ ಬೇರೆ. ಗುಟ್ಕಾವನ್ನು ಕರ್ನಾಟಕ ಸರ್ಕಾರ 2013ರಲ್ಲೇ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ, ತಂಬಾಕು ಬೇರೆ ಬೇರೆ ಪೊಟ್ಟಣದಲ್ಲಿ ಬಂದು ಬಾಯಲ್ಲಿ ಒಂದಾದವು. ಇದು ಗಂಡಸರ ಕಾಯಿಲೆ ಎಂದು ನಾವು ಹೆಂಗಸರು ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬಹಳ ಕಾಲ ರಕ್ತಹೀನತೆ ಇರುವ ಹೆಂಗಸರಲ್ಲಿ ಅನ್ನನಾಳದ ಬಾಯಲ್ಲಿ ಪೊರೆ ಬೆಳೆದು, ಮುಂದೆ ಆ ಜಾಗದಲ್ಲೇ ಕ್ಯಾನ್ಸರ್ ಆಗುವ ಒಂದು ಬಗೆಯೂ ಇದೆ. ಗಂಟಲಲ್ಲಿ ಅನ್ನ ಸಿಕ್ಕಂತಾಗುವುದು, ಮೂರು ವಾರ ಕಳೆದರೂ ಹೋಗದ ಗೊಗ್ಗರು ಧ್ವನಿ, ಕತ್ತಿನಲ್ಲಿ ಗಂಟು ಯಾರಿಗಿದ್ದರೂ ತೋರಿಸಲಿ.

ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಆದ್ದರಿಂದ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ, ಐದು ವರ್ಷದವರೆಗೆ ತೋರಿಸಬೇಕು. ಆರಾಮಾಗಿದ್ದಾರೆ, ಸುಮ್ಮನೆ ಯಾಕೆ ಒಂದು ದಿನದ ಕೂಲಿ ಕಳೆಯುವುದು ಎಂದು ಬಿಟ್ಟುಬಿಡುವವರೇ ಹೆಚ್ಚು. ಬೇಗ ಕಂಡುಹಿಡಿದರೆ ಆಗಲೂ ಆಪರೇಷನ್ ಮಾಡಿ ಉಳಿಸಬಹುದು. ಧ್ವನಿಪೆಟ್ಟಿಗೆ ತೆಗೆದರೂ ಮಾತಾಡಿಸುವ ಸಾಧನಗಳಿವೆ. ವಿದೇಶದವು ಸಾವಿರಾರು ರೂಪಾಯಿ ಇದ್ದಾಗ ಬೆಂಗಳೂರಿನ ಡಾ. ವಿಶಾಲ್ ರಾವ್ ಐವತ್ತು ರೂಪಾಯಿ ಆಸುಪಾಸಿನ ವೆಚ್ಚದಲ್ಲಿ 'ಓಂ' ಎಂಬ ಸಾಧನ ರೂಪಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಚಿಕಿತ್ಸೆ ಮುಗಿದ ದಿನ ಆಸ್ಪತ್ರೆಯಿಂದ ಕೊಡುವ ಸಾರಾಂಶ ಪತ್ರದಲ್ಲಿ ಎಷ್ಟು ಸಲ ಕರೆಂಟ್ ಕೊಟ್ಟರು, ಯಾವ ಜಾಗಕ್ಕೆ, ಎಷ್ಟು ಕೀಮೊ ಎಂದು ಬರೆದಿರುತ್ತದೆ. ಅದರ ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ರೇಷನ್ ಕಾರ್ಡಿನ ಜೊತೆ ಇಡಿ, ಇನ್ನೊಂದನ್ನು ಸಂಘದ ಪೆಟ್ಟಿಗೆಯಲ್ಲಿಡಬಹುದು. ಹತ್ತು ವರ್ಷ ಬಿಟ್ಟು ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಮೊದಲು ತೋರಿಸಬೇಕಾದ ಕಾಗದ ಅದು.